ಅಚ್ಚಿನ ಮೊಳೆ, ಪಾನಗೃಹದ ಮೇಜು

ಸ್ನೇಹಿತರೇ,

1763ರ ವಸಂತದಲ್ಲಿ ಲಂಡನ್ನಿನ ಅಚ್ಚುಕೂಟವೊಂದರ ಕೂಲಿಯಾಳು ವಿಲಿಯಂ ಹಕಲ್‌ನನ್ನು ಸರ್ಕಾರದ ಜನ ಹಿಡಿದುಕೊಂಡು ಹೋದರು. ಅವನ ವಾರದ ಸಂಬಳ ಒಂದು ಗಿನಿ, ಅಂದರೆ ಒಂದು ಪೌಂಡು ಒಂದು ಶಿಲ್ಲಿಂಗ್. ಆರು ಗಂಟೆ ಕೂರಿಸಿಕೊಂಡು ಬಿಟ್ಟು ಕಳಿಸಿದರು. ಹೊಡೆಯಲಿಲ್ಲ, ಬೈಯಲಿಲ್ಲ. ಗೋಮಾಂಸದ ಊಟ ಹಾಕಿ ಬಿಯರ್ ಕುಡಿಸಿದರು. ಹಕಲ್ ಮನೆಗೆ ಹೋದವನು ಸುಮ್ಮನಿರಲಿಲ್ಲ, ತನ್ನನ್ನು ಹಿಡಿದವನ ಮೇಲೆ ದಾವೆ ಹೂಡಿದ. ಜ್ಯೂರಿಯಲ್ಲಿ ಕುಳಿತ ಹನ್ನೆರಡು ಜನ ಅವನಿಗೆ 300 ಪೌಂಡ್ ಪರಿಹಾರ ಕೊಡಿಸಿದರು. ಲೆಕ್ಕ ಹಾಕಿ ನೋಡಿ: ಐದು ವರ್ಷಕ್ಕೂ ಹೆಚ್ಚಿನ ಸಂಬಳ.

ಇದು ವಿಪರೀತವಾಯಿತು, ಆರು ಗಂಟೆಗೆ, ಅದೂ ಊಟ ಹಾಕಿ ಕಳಿಸಿದ್ದಕ್ಕೆ ಇಷ್ಟು ದಂಡವೇ ಎಂದು ಸರ್ಕಾರದ ವಕೀಲರು ಮೇಲೆ ವಾದಿಸಿದರು. ಮುಖ್ಯ ನ್ಯಾಯಾಧೀಶ ಚಾರ್ಲ್ಸ್ ಪ್ರಾಟ್ ಒಪ್ಪಲಿಲ್ಲ. ಆ ಮನುಷ್ಯನಿಗೆ ಆದ ಸ್ವಂತ ನಷ್ಟವನ್ನಷ್ಟೇ ನೋಡಿದರೆ 20 ಪೌಂಡ್ ಸಾಕಾಗುತ್ತಿತ್ತು, ಆದರೆ ಜ್ಯೂರಿ ನೋಡಿದ್ದು ಅದನ್ನಲ್ಲ ಎಂದ. ಹೆಸರೇ ಇಲ್ಲದ ವಾರಂಟ್ ಹಿಡಿದು, ಸಾಕ್ಷ್ಯ ಹುಡುಕುವ ನೆಪದಲ್ಲಿ ಒಬ್ಬನ ಮನೆಗೆ ನುಗ್ಗುವುದು ಸ್ಪೇನಿನ ಧರ್ಮವಿಚಾರಣೆಗಿಂತ ಕೀಳು ಎಂಬ ಅವನ ಮಾತು ಆ ತೀರ್ಪಿನಲ್ಲಿದೆ.

ಈ ತೀರ್ಪನ್ನು ಮೊದಲ ಸಲ ಓದಿದ ದಿನ ನಾನು ಬಹಳ ಹೊತ್ತು ಪುಟ ತಿರುಗಿಸಲಿಲ್ಲ. ರಾಜನ ಮಂತ್ರಿಗೂ ಮೊಳೆ ಜೋಡಿಸುವ ಕೂಲಿಗೂ ನಡುವೆ ಒಂದು ಗೆರೆ ಇದೆ, ಅದನ್ನು ಬಿಯರ್ ಕುಡಿಸಿಯೂ ದಾಟುವಂತಿಲ್ಲ. ಇದನ್ನು ಹೇಳಿದವರು ಹನ್ನೆರಡು ಜನ ಊರವರು. ಅವರಿಗೆ ಇಂಥ ಧೈರ್ಯ ಎಲ್ಲಿಂದ ಬಂತು? ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ. ಬರೆಯುವ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ ಎಂದು ನಾವು ಎರಡು ಹೆಸರಿನಿಂದ ಕರೆಯುವುದು ಇಂಗ್ಲೆಂಡಿನಲ್ಲಿ ಒಂದೇ ಬೇರಿನಿಂದ ಎದ್ದದ್ದು ಎಂಬುದು ನನ್ನ ನಂಬಿಕೆ. ಪತ್ರಿಕೆಗೆ ಪೆಟ್ಟು ಬಿದ್ದಾಗ ಜಾಮೀನು ಕೊಟ್ಟಿದ್ದು, ದಂಡ ಕಟ್ಟಿದ್ದು, ಜೈಲಿನ ಬಾಗಿಲಲ್ಲಿ ಕಾದಿದ್ದು ಸಂಘ. ಸಂಘ ಒಂದು ಕೋಣೆಯೊಳಗೇ ಸತ್ತುಹೋಗದಂತೆ ಅದರ ಮಾತನ್ನು ಇನ್ನೊಂದು ಊರಿಗೆ ಮುಟ್ಟಿಸಿದ್ದು ಪತ್ರಿಕೆ.

ಹಿನ್ನೆಲೆಯನ್ನು ಬೇಗ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಅಚ್ಚಿಗೆ ಮುಂಚೆ ಪರವಾನಗಿ ಬೇಕೆನ್ನುವ ಕಾಯಿದೆ 1695ರಲ್ಲಿ ಅವಧಿ ಮುಗಿದು ಬಿದ್ದುಹೋಯಿತು; ಸಂಸತ್ತು ಅದನ್ನು ಮತ್ತೆ ಎತ್ತಲಿಲ್ಲ. ಅದಕ್ಕೂ ಮೊದಲೇ ಜನ ಕಾಫಿ ಮನೆಗಳಲ್ಲಿ ಕುಳಿತು ಸುದ್ದಿ ಓದುವ, ವಾದಿಸುವ ರೂಢಿ ಬೆಳೆದಿತ್ತು. ಒಂದು ಪೆನ್ನಿ ಕೊಟ್ಟರೆ ಒಳಗೆ ಪ್ರವೇಶ. ಎರಡನೆಯ ಚಾರ್ಲ್ಸ್ 1675ರ ಡಿಸೆಂಬರ್ ಕೊನೆಯಲ್ಲಿ ಕಾಫಿ ಮನೆಗಳನ್ನೆಲ್ಲ ಮುಚ್ಚಿಸುವ ಘೋಷಣೆ ಹೊರಡಿಸಿದ. ಊರಿನ ಗದ್ದಲ ನೋಡಿ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡ. ಪರವಾನಗಿ ಹೋದ ಮೇಲೆ ಸರ್ಕಾರದ ಕೈಯಲ್ಲಿ ಉಳಿದದ್ದು ಮೂರು ಆಯುಧ. 1712ರಿಂದ ಪತ್ರಿಕೆಯ ಪ್ರತಿ ಹಾಳೆಯ ಮೇಲೆ ಮುದ್ರಾಂಕ ತೆರಿಗೆ. ರಾಜದ್ರೋಹದ ಬರಹ ಎಂಬ ಆರೋಪ. ಇದರಲ್ಲಿ ಬರೆದದ್ದು ನಿಜ ಎಂದು ತೋರಿಸಿದರೂ ಬಿಡುಗಡೆ ಇರಲಿಲ್ಲ. ಮೂರನೆಯದು ಹಕಲ್‌ನನ್ನು ಹಿಡಿದ ಆ ವಾರಂಟ್.

ಆ ವಾರಂಟಿನ ಕತೆ ಇದು. ಜಾನ್ ವಿಲ್ಕ್ಸ್ ಎಂಬ ಸಂಸದ 'ನಾರ್ತ್ ಬ್ರಿಟನ್' ಎಂಬ ಪತ್ರಿಕೆ ನಡೆಸುತ್ತಿದ್ದ. ಅದರ 45ನೆಯ ಸಂಚಿಕೆ 1763ರ ಏಪ್ರಿಲ್ 23ರಂದು ಹೊರಬಂತು. ಪ್ಯಾರಿಸ್ ಶಾಂತಿ ಒಪ್ಪಂದವನ್ನು ಹೊಗಳಿದ ರಾಜನ ಭಾಷಣವನ್ನು ಅದು ತರಾಟೆಗೆ ತೆಗೆದುಕೊಂಡಿತ್ತು. ಬರೆದವರು, ಮುದ್ರಿಸಿದವರು, ಪ್ರಕಟಿಸಿದವರು ಯಾರೇ ಆಗಿರಲಿ ಹಿಡಿದು ತನ್ನಿ ಎಂದು ಮಂತ್ರಿ ಹ್ಯಾಲಿಫ್ಯಾಕ್ಸ್ ವಾರಂಟ್ ಬರೆದ. ಒಂದು ಹೆಸರೂ ಇಲ್ಲ! ಅದನ್ನು ಹಿಡಿದ ರಾಜನ ಅಮೀನರು ಸುಮಾರು ಐವತ್ತು ಜನರನ್ನು ಎಳೆದು ತಂದರು. ರಾತ್ರಿ ಹಾಸಿಗೆಯಿಂದ ಎಬ್ಬಿಸಿ ತಂದ ಒಬ್ಬ ಮುದ್ರಕ ಆ ಸಂಚಿಕೆಯನ್ನು ಮುದ್ರಿಸಿಯೇ ಇರಲಿಲ್ಲ. ವಿಲ್ಕ್ಸ್‌ನನ್ನು ಟವರ್ ಕೋಟೆಗೆ ಹಾಕಿದರು. ವಾರದೊಳಗೆ, ಸಂಸದನಿಗಿರುವ ರಕ್ಷಣೆಯ ಕಾರಣಕ್ಕೆ, ಇದೇ ಪ್ರಾಟ್ ಅವನನ್ನು ಬಿಡುಗಡೆ ಮಾಡಿದ. ನ್ಯಾಯಾಲಯದ ಹೊರಗೆ 'ವಿಲ್ಕ್ಸ್ ಮತ್ತು ಸ್ವಾತಂತ್ರ್ಯ' ಎಂಬ ಕೂಗು ಎದ್ದಿತು. ಬಳಿಕ ಮುದ್ರಕರೂ ಕೂಲಿಯಾಳುಗಳೂ ಒಬ್ಬರ ಹಿಂದೊಬ್ಬರು ದಾವೆ ಹೂಡಿದರು. ಇದಕ್ಕೂ ಹಿಂದಿನ ವರ್ಷ ಜಾನ್ ಎಂಟಿಕ್ ಎಂಬ ಬರಹಗಾರನ ಮನೆಯಲ್ಲಿ ಅಮೀನರು ನಾಲ್ಕು ಗಂಟೆ ಪೆಟ್ಟಿಗೆ ಒಡೆದು ಕಾಗದ ಜಾಲಾಡಿದ್ದರು. ಆ ಪ್ರಕರಣ 1765ರಲ್ಲಿ ಇತ್ಯರ್ಥವಾದಾಗ ಪ್ರಾಟ್ (ಅಷ್ಟರಲ್ಲಿ ಅವನು ಲಾರ್ಡ್ ಕ್ಯಾಮ್ಡೆನ್) ಹೇಳಿದ ತರ್ಕ ಸರಳ: ಇಂಥ ಅಧಿಕಾರ ಕಾನೂನಿನಲ್ಲಿದ್ದರೆ ನಮ್ಮ ಪುಸ್ತಕಗಳಲ್ಲಿ ಸಿಗಬೇಕು. ಸಿಗದಿದ್ದರೆ ಅದು ಕಾನೂನಲ್ಲ.

ವಿಲ್ಕ್ಸ್ ಸಂತನಲ್ಲ. ಮೈತುಂಬ ಸಾಲ, ನಡತೆ ಸಡಿಲ. ದೇಶ ಬಿಟ್ಟು ಫ್ರಾನ್ಸಿಗೆ ಓಡಿಹೋಗಿ, 1768ರಲ್ಲಿ ಮರಳಿ ಬಂದು ಮಿಡ್ಲ್‌ಸೆಕ್ಸ್ ಕ್ಷೇತ್ರದಿಂದ ಗೆದ್ದ. ಹಳೆಯ ಶಿಕ್ಷೆಗಾಗಿ ಜೈಲಿಗೆ ಹೋದ. ಸಂಸತ್ತು ಅವನನ್ನು ಉಚ್ಚಾಟಿಸಿತು. ಜನ ಮತ್ತೆ ಆರಿಸಿದರು. ಮತ್ತೆ ಉಚ್ಚಾಟನೆ, ಮತ್ತೆ ಆಯ್ಕೆ. 1769ರ ಏಪ್ರಿಲ್‌ನಲ್ಲಿ ಅವನಿಗೆ 1143 ಮತ ಬಿದ್ದವು, ಎದುರಾಳಿ ಲಟ್ರೆಲ್‌ಗೆ 296. ಸಂಸತ್ತು 296 ಪಡೆದವನನ್ನು ಕರೆದು ಕೂರಿಸಿತು.

ಇಷ್ಟರಲ್ಲಿ ಸಂಘ ಹುಟ್ಟಿತ್ತು. ಅದೇ ವರ್ಷದ ಫೆಬ್ರುವರಿ 20ರಂದು ಲಂಡನ್ ಟಾವರ್ನ್ ಎಂಬ ಪಾನಗೃಹದಲ್ಲಿ ಕೆಲವರು ಸೇರಿ 'ಹಕ್ಕುಗಳ ಮಸೂದೆಯ ಬೆಂಬಲಿಗರ ಸಂಘ' ಕಟ್ಟಿದರು. ಅದರ ಮೊದಲ ಕೆಲಸ ವಿಲ್ಕ್ಸ್‌ನ ಸಾಲ ತೀರಿಸುವುದು. ಕೇಳಲು ಕ್ಷುಲ್ಲಕ ಅನ್ನಿಸಬಹುದು, ಆದರೆ ಸಾಲಗಾರನನ್ನು ಸಾಲದ ಜೈಲಿಗೆ ಹಾಕಿ ಬಾಯಿ ಮುಚ್ಚಿಸುವುದು ಆ ಕಾಲದಲ್ಲಿ ಎಷ್ಟು ಸುಲಭವಾಗಿತ್ತೆಂದು ನೆನೆದರೆ ಇದರ ತೂಕ ತಿಳಿಯುತ್ತದೆ. ಅಟ್ಲಾಂಟಿಕ್ ಆಚೆಯ ಸೌತ್ ಕ್ಯಾರೊಲಿನಾದ ಶಾಸನಸಭೆ ಈ ನಿಧಿಗೆ 1500 ಪೌಂಡ್ ಕಳಿಸಿತು. ಪತ್ರಿಕೆಗಳು ವಂತಿಗೆಯ ಸುದ್ದಿ ಅಚ್ಚು ಹಾಕಿದವು, ಅದನ್ನು ಓದಿ ಇನ್ನಷ್ಟು ವಂತಿಗೆ ಬಂತು. 45 ಎಂಬ ಅಂಕಿಯನ್ನು ಜನ ಬಾಗಿಲುಗಳ ಮೇಲೆ ಸೀಮೆಸುಣ್ಣದಿಂದ ಬರೆದರು.

ಇದರ ಫಲ ಕಂಡಿದ್ದು 1771ರಲ್ಲಿ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಮತ್ತೆ ಮತ್ತೆ ಓದಬೇಕೆನಿಸುವ ಅಧ್ಯಾಯ ಇದು. ಸಂಸತ್ತಿನಲ್ಲಿ ಯಾರು ಏನು ಮಾತನಾಡಿದರೆಂದು ಪತ್ರಿಕೆಯಲ್ಲಿ ಬರೆಯುವುದು ಆಗ ಅಪರಾಧ. ಮತ ಹಾಕಿ ಕಳಿಸಿದವನಿಗೆ, ತನ್ನ ಪ್ರತಿನಿಧಿ ಒಳಗೆ ಬಾಯಿ ಬಿಟ್ಟನೋ ಇಲ್ಲವೋ ತಿಳಿಯುವಂತಿಲ್ಲ. ಕೆಲವು ಪತ್ರಿಕೆಗಳು ಹಠಕ್ಕೆ ಬಿದ್ದು ಚರ್ಚೆಗಳನ್ನು ಅಚ್ಚು ಹಾಕತೊಡಗಿದವು. ಸದನ ಸಿಟ್ಟಾಗಿ ಮುದ್ರಕರನ್ನು ಕರೆಸಿತು. ಬಾರದವರನ್ನು ಹಿಡಿದುಕೊಟ್ಟವರಿಗೆ 50 ಪೌಂಡ್ ಬಹುಮಾನ ಘೋಷಣೆಯಾಯಿತು. ಜಾನ್ ವೆಬಲ್ ಎಂಬ ಮುದ್ರಕನನ್ನು ಇನ್ನೊಬ್ಬ ಅಚ್ಚುಕೆಲಸದವನೇ 'ಹಿಡಿದು' ತಂದು ನಿಲ್ಲಿಸಿದ್ದು ಯಾರ ಮುಂದೆ? ಈಗ ಲಂಡನ್ ನಗರದ ಆಲ್ಡರ್ಮನ್ (ನಗರಸಭೆಯ ಹಿರಿಯ ಸದಸ್ಯ) ಆಗಿ ನ್ಯಾಯಪೀಠದಲ್ಲಿ ಕುಳಿತಿದ್ದ ವಿಲ್ಕ್ಸ್ ಮುಂದೆ! ವಿಲ್ಕ್ಸ್ ವೆಬಲ್‌ನನ್ನು ಅಲ್ಲೇ ಬಿಡುಗಡೆ ಮಾಡಿದ. ಹಿಡಿದು ತಂದವನಿಗೆ ಬಹುಮಾನ ಕೇಳಲು ಪ್ರಮಾಣಪತ್ರ ಬರೆದುಕೊಟ್ಟ.

ಮಾರ್ಚ್ 15ರಂದು ಜಾನ್ ಮಿಲ್ಲರ್ ಎಂಬ ಇನ್ನೊಬ್ಬ ಮುದ್ರಕನ ಮನೆಗೆ ಸಂಸತ್ತಿನ ಅಮೀನ ಬಂದ. ಅಮೀನ ಕೈ ಹಾಕಿದ್ದೇ ತಡ, ಮಿಲ್ಲರ್ ನಗರದ ಕಾನ್‌ಸ್ಟೇಬಲ್‌ನನ್ನು ಕರೆದು, ಈತ ನನ್ನ ಮೇಲೆ ಹಲ್ಲೆ ಮಾಡಿದ್ದಾನೆ ಎಂದು ಅಮೀನನನ್ನೇ ಹಿಡಿಸಿದ. ಇಬ್ಬರನ್ನೂ ಮೇಯರ್ ಬ್ರಾಸ್ ಕ್ರಾಸ್ಬಿಯ ಬಳಿಗೆ ಒಯ್ದರು. ಸಂಧಿವಾತದಿಂದ ನರಳುತ್ತಿದ್ದ ಕ್ರಾಸ್ಬಿ, ಆಲ್ಡರ್ಮನ್ನರಾದ ವಿಲ್ಕ್ಸ್ ಮತ್ತು ರಿಚರ್ಡ್ ಆಲಿವರ್ ಜೊತೆ ವಿಚಾರಣೆ ನಡೆಸಿದ. ನಗರದ ಎಲ್ಲೆಯೊಳಗೆ ನಗರದ ನ್ಯಾಯಾಧಿಕಾರಿಯ ರುಜು ಇಲ್ಲದೆ ಯಾರನ್ನೂ ಹಿಡಿಯುವಂತಿಲ್ಲ ಎಂದು ಮುದ್ರಕನನ್ನು ಬಿಟ್ಟರು, ಅಮೀನನ ಮೇಲೆ ಮೊಕದ್ದಮೆ ಹೂಡಿದರು. ಕ್ರಾಸ್ಬಿಯೂ ಆಲಿವರನೂ ಸಂಸದರೇ ಆಗಿದ್ದರಿಂದ ಸದನ ಅವರನ್ನು ಟವರ್ ಕೋಟೆಗೆ ಕಳಿಸಿತು. ವಿಲ್ಕ್ಸ್‌ನನ್ನು ಮುಟ್ಟಲು ಅದಕ್ಕೆ ಧೈರ್ಯ ಬರಲಿಲ್ಲ. ಏಪ್ರಿಲ್ 8ಕ್ಕೆ ಹಾಜರಾಗು ಎಂದು ಆಜ್ಞೆ ಕಳಿಸಿ, ತಾನೇ ಸಭೆಯನ್ನು 9ಕ್ಕೆ ಮುಂದೂಡಿಕೊಂಡಿತು. ಮೇ 8ರಂದು ಅಧಿವೇಶನ ಮುಗಿದು ಇಬ್ಬರೂ ಹೊರಬಂದಾಗ ಗಾಡಿಗಳ ಸಾಲು, ಜನಜಂಗುಳಿ. ಆಮೇಲೆ ಚರ್ಚೆಗಳ ವರದಿಗೆ ಸದನ ಅಡ್ಡಿ ಮಾಡಲಿಲ್ಲ. ಅನುಮತಿಸಲಾಗಿದೆ ಎಂದು ಯಾವ ಕಾಯಿದೆಯೂ ಬರಲಿಲ್ಲ, ಯಾವ ಠರಾವೂ ಆಗಲಿಲ್ಲ. ತಡೆಯುವುದು ನಿಂತುಹೋಯಿತು, ಅಷ್ಟೇ. ಗ್ಯಾಲರಿಯಲ್ಲಿ ಕುಳಿತು ಟಿಪ್ಪಣಿ ಬರೆಯುವಂತಿರಲಿಲ್ಲ. ವಿಲಿಯಂ ವುಡ್‌ಫಾಲ್ ಎಂಬ ಪತ್ರಕರ್ತ ಗಂಟೆಗಟ್ಟಲೆ ಭಾಷಣ ಕೇಳಿ, ಎದ್ದು ಹೋಗಿ ನೆನಪಿನಿಂದಲೇ ಪುಟಗಟ್ಟಲೆ ಬರೆಯುತ್ತಿದ್ದ. ಅವನಿಗೆ 'ನೆನಪಿನ ವುಡ್‌ಫಾಲ್' ಎಂದೇ ಹೆಸರು ಬಿತ್ತು.

ಈಗ ನಿಮಗೆ ಪರಿಚಯವಿರುವ ಒಬ್ಬರು ಈ ಕತೆಯೊಳಗೆ ಬರುತ್ತಾರೆ. ಕಾಳಿದಾಸನ ಶಾಕುಂತಲವನ್ನು ಇಂಗ್ಲಿಷಿಗೆ ತಂದ ಸರ್ ವಿಲಿಯಂ ಜೋನ್ಸ್. ಕಲ್ಕತ್ತೆಗೆ ನ್ಯಾಯಾಧೀಶನಾಗಿ ಬರುವ ಮೊದಲು ಅವನು, ಮೇಜರ್ ಜಾನ್ ಕಾರ್ಟ್‌ರೈಟ್ 1780ರಲ್ಲಿ ಕಟ್ಟಿದ 'ಸಾಂವಿಧಾನಿಕ ತಿಳಿವಳಿಕೆಯ ಸಂಘ'ದ ಸದಸ್ಯ. ಪುಸ್ತಿಕೆಗಳನ್ನು ಅಚ್ಚು ಹಾಕಿ ಜನರಿಗೆ ಪುಕ್ಕಟೆ ಹಂಚುವುದು ಆ ಸಂಘದ ಕೆಲಸ. ಜೋನ್ಸ್ ಅದಕ್ಕಾಗಿ ಒಬ್ಬ ಪಂಡಿತ ಮತ್ತು ಒಬ್ಬ ರೈತನ ಸಂಭಾಷಣೆ ಬರೆದುಕೊಟ್ಟ. ರಾಜ್ಯಾಡಳಿತ ನನಗೆಲ್ಲಿ ಅರ್ಥವಾದೀತು ಎನ್ನುತ್ತಾನೆ ರೈತ. ನಿಮ್ಮ ಹಳ್ಳಿಯಲ್ಲಿ ಒಂದು ಸಂಘ ಇದೆಯಲ್ಲವೇ ಎಂದು ಪಂಡಿತ ಕೇಳುತ್ತಾನೆ. ಇದೆ. ಅದರ ನಿಯಮ ಯಾರು ಮಾಡುತ್ತಾರೆ? ಎಲ್ಲರೂ ಸೇರಿ. ಹಾಗಾದರೆ, ಒಂದು ರಾಜ್ಯವೆಂದರೆ ದೊಡ್ಡದೊಂದು ಸಂಘ ಎಂದು ನಿನಗೆಂದೂ ಹೊಳೆಯಲಿಲ್ಲವೇ? ನಾನು ಅದನ್ನು ಯೋಚಿಸಿಯೇ ಇರಲಿಲ್ಲ ಎನ್ನುತ್ತಾನೆ ರೈತ.

ಆ ಒಂದು ಪ್ರಶ್ನೆ ಸರ್ಕಾರದ ಪರವಾದವರನ್ನು ಎಷ್ಟು ಹೆದರಿಸಿತೆಂದರೆ, ಪುಸ್ತಿಕೆಯನ್ನು ವೇಲ್ಸಿನಲ್ಲಿ ಮರುಮುದ್ರಿಸಿದ ಜೋನ್ಸ್‌ನ ಭಾವಮೈದುನ, ಸೇಂಟ್ ಅಸಾಫ್ ಚರ್ಚಿನ ಡೀನ್ ವಿಲಿಯಂ ಶಿಪ್ಲಿಯ ಮೇಲೆ ರಾಜದ್ರೋಹದ ಬರಹದ ಮೊಕದ್ದಮೆ ಬಿತ್ತು. 1784ರ ಆಗಸ್ಟ್‌ನಲ್ಲಿ ಶ್ರೂಸ್‌ಬರಿಯಲ್ಲಿ ವಿಚಾರಣೆ. ಬರೆದ ಜೋನ್ಸ್ ಅಷ್ಟರಲ್ಲಿ ಕಲ್ಕತ್ತೆಯಲ್ಲಿದ್ದ. ಅಲ್ಲಿ ಏಷ್ಯಾಟಿಕ್ ಸೊಸೈಟಿ ಕಟ್ಟಿದ್ದೂ ಅದೇ ವರ್ಷ. ಆ ಕಾಲದ ನಿಯಮದ ಪ್ರಕಾರ ಜ್ಯೂರಿ ತೀರ್ಮಾನಿಸಬೇಕಾದದ್ದು, ಇವನು ಇದನ್ನು ಪ್ರಕಟಿಸಿದನೇ ಎಂಬುದನ್ನು ಮಾತ್ರ. ಬರಹ ದ್ರೋಹದ್ದೋ ಅಲ್ಲವೋ ಎಂಬುದು ನ್ಯಾಯಾಧೀಶರಿಗೆ ಬಿಟ್ಟದ್ದು. ಜ್ಯೂರಿ ಹೊರಬಂದು, 'ಪ್ರಕಟಿಸಿದ ಮಟ್ಟಿಗೆ ಮಾತ್ರ ತಪ್ಪಿತಸ್ಥ' ಎಂದಿತು. ನ್ಯಾಯಾಧೀಶ ಬುಲ್ಲರ್‌ಗೆ ಆ 'ಮಾತ್ರ' ಬೇಡ. ಡೀನ್ ಪರ ವಕೀಲ ಥಾಮಸ್ ಎರ್ಸ್ಕಿನ್ ಎದ್ದು, ಆ ಪದ ದಾಖಲಾಗಲೇಬೇಕೆಂದ. ಕುಳಿತುಕೊಳ್ಳಿ, ಕರ್ತವ್ಯ ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ಬೇರೆ ರೀತಿ ನಡೆದುಕೊಳ್ಳಬೇಕಾಗುತ್ತದೆ ಎಂದ ನ್ಯಾಯಾಧೀಶ. ತಮಗೆ ಸರಿ ಕಂಡ ಹಾಗೆ ನಡೆದುಕೊಳ್ಳಿ, ತಮ್ಮ ಕರ್ತವ್ಯ ತಮಗೆ ತಿಳಿದಿರುವಷ್ಟೇ ನನ್ನದು ನನಗೆ ತಿಳಿದಿದೆ ಎಂದ ಎರ್ಸ್ಕಿನ್. ಒಂದು ಪದಕ್ಕಾಗಿ ನಡೆದ ಈ ಜಗ್ಗಾಟ ಎಂಟು ವರ್ಷದ ಬಳಿಕ ಕಾಯಿದೆಯಾಗಿ ಹಣ್ಣಾಯಿತು. ಸಂಸದ ಚಾರ್ಲ್ಸ್ ಜೇಮ್ಸ್ ಫಾಕ್ಸ್ ತಂದ 1792ರ ಕಾಯಿದೆಯ ನಂತರ ಬರಹದ ಗುಣದೋಷವನ್ನೂ ಜ್ಯೂರಿಯೇ ತೀರ್ಮಾನಿಸಬಹುದಾಯಿತು.

ಇಲ್ಲಿಯವರೆಗೆ ನಾನು ಹೇಳಿದ ಸಂಘಗಳೆಲ್ಲ ಉಳ್ಳವರ ಸಂಘಗಳು. ಬಾಗಿಲು ತೆರೆದದ್ದು ಅದೇ 1792ರ ಜನವರಿ 25ರ ರಾತ್ರಿ. ಸ್ಟ್ರಾಂಡ್ ಬೀದಿಯ ಪಕ್ಕದ ಎಕ್ಸಿಟರ್ ಓಣಿಯಲ್ಲಿ 'ಬೆಲ್' ಎಂಬ ಪಾನಗೃಹ. ಥಾಮಸ್ ಹಾರ್ಡಿ ಎಂಬ ಚಮ್ಮಾರ (ಕಾದಂಬರಿಕಾರ ಹಾರ್ಡಿ ಅಲ್ಲ, ಇವನು ಅವನಿಗಿಂತ ಎಷ್ಟೋ ಹಿಂದಿನವನು) ಎಂಟು ಜನ ಗೆಳೆಯರನ್ನು ಕರೆದಿದ್ದ. ಬ್ರೆಡ್ಡು, ಚೀಸು, ಪೋರ್ಟರ್ ಬಿಯರ್, ಆಮೇಲೆ ಮಾತು. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಸದಸ್ಯರಾದರು. ಆ ಒಬ್ಬ ಯೋಚಿಸುತ್ತೇನೆಂದು ಮನೆಗೆ ಹೋದ. ವಾರಕ್ಕೆ ತಲಾ ಒಂದು ಪೆನ್ನಿ ವಂತಿಗೆ. ಹಾರ್ಡಿ ಸಂಘದ ಇಡೀ ಬಂಡವಾಳವನ್ನು ಜೇಬಿನಲ್ಲಿಟ್ಟುಕೊಂಡು ಪಿಕಡಿಲಿಯ ತನ್ನ ಮನೆಗೆ ಹೋದ: ಎಂಟು ಪೆನ್ನಿ. ಆ ದುಡ್ಡಿನಿಂದ ಕೊಳ್ಳಬೇಕಾದದ್ದು ಬೇರೆ ಊರುಗಳ ಸಮಾನಮನಸ್ಕರಿಗೆ ಬರೆಯಲು ಕಾಗದ. ಹೆಸರೇ 'ಲಂಡನ್ ಪತ್ರವ್ಯವಹಾರ ಸಂಘ'. ಅವರ ಮೊದಲ ನಿಯಮ: ನಮ್ಮ ಸದಸ್ಯರ ಸಂಖ್ಯೆಗೆ ಮಿತಿ ಇಲ್ಲ.

ಆ ನಿಯಮವನ್ನು ಮತ್ತೊಮ್ಮೆ ಓದಿಕೊಳ್ಳಿ. ರಾಜಕೀಯವೆಂದರೆ ಆಸ್ತಿವಂತರ ಮನೆಯ ವಿಷಯವಾಗಿದ್ದ ಕಾಲ ಅದು. ನಾವು ಕಸುಬುದಾರರು, ಅಂಗಡಿಯವರು, ಕೈಕೆಲಸದವರು. ಸಂಸತ್ತಿನ ಸುಧಾರಣೆ ಕೇಳುವ ಹಕ್ಕು ನಮಗೆ ಇದೆಯೇ? ಈ ಪ್ರಶ್ನೆಯನ್ನು ಅವರು ಐದು ರಾತ್ರಿ ಚರ್ಚಿಸಿದರು. ಇದೆ ಎಂದು ತೀರ್ಮಾನಿಸಲು ಅವರಿಗೆ ಐದು ರಾತ್ರಿ ಬೇಕಾಯಿತು ಎಂಬುದು ನನ್ನನ್ನು ಕಲಕುತ್ತದೆ.

ಸಂಘ ಬೆಳೆದಂತೆ ಮೂವತ್ತರ ಆಸುಪಾಸಿನ ಗುಂಪುಗಳಾಗಿ ಹಂಚಿಕೊಂಡರು. ದರ್ಜಿ ಫ್ರಾನ್ಸಿಸ್ ಪ್ಲೇಸ್ ತನ್ನ ಗುಂಪಿನ ಭಾನುವಾರದ ಸಂಜೆಗಳನ್ನು ವರ್ಣಿಸಿದ್ದಾನೆ: ಅಧ್ಯಕ್ಷ ಒಂದು ಪುಸ್ತಕದ ಅಧ್ಯಾಯ ಓದುತ್ತಾನೆ, ಉಳಿದವರು ಅಭಿಪ್ರಾಯ ಹೇಳಬೇಕು. ಮಾತನಾಡಲಿಚ್ಛಿಸುವ ಎಲ್ಲರ ಸರದಿ ಮುಗಿಯುವವರೆಗೆ ಯಾರೂ ಎರಡನೆಯ ಸಲ ಬಾಯಿ ತೆರೆಯುವಂತಿಲ್ಲ. ಸಭೆಗಳಲ್ಲಿ ಕುಳಿತು ಬೇಸತ್ತ ಅನುಭವ ನಿಮಗೂ ಇರಬಹುದು. ಆ ಒಂದು ನಿಯಮದಲ್ಲಿ ಎಷ್ಟು ಪ್ರಜಾಪ್ರಭುತ್ವ ಇದೆ ನೋಡಿ.

ಹಾರ್ಡಿಯ ಮನೆಯಲ್ಲಿ ಆಗ ಉಳಿದುಕೊಂಡಿದ್ದವನು ಒಲಾಡಾ ಇಕ್ವಿಯಾನೊ, ಗುಲಾಮಗಿರಿಯಿಂದ ಬಿಡುಗಡೆ ಪಡೆದು ತನ್ನ ಆತ್ಮಕತೆ ಬರೆದು ಊರೂರು ತಿರುಗಿದವನು. ಅವನಿಂದ ವಿಳಾಸ ತಿಳಿದು ಹಾರ್ಡಿ ಶೆಫೀಲ್ಡಿನ ಪಾದ್ರಿಯೊಬ್ಬರಿಗೆ ಕಾಗದ ಬರೆದ. ಗುಲಾಮ ವ್ಯಾಪಾರದ ವಿರುದ್ಧದ ಚಳವಳಿಯ ಜಾಲವೇ ಮತದಾನದ ಹಕ್ಕಿನ ಚಳವಳಿಗೆ ಮೊದಲ ದಾರಿ ತೋರಿಸಿತು. ಹಾರ್ಡಿಯ ಹೆಂಡತಿ ಲಿಡಿಯಾ ಆ ವಸಂತದಲ್ಲಿ ಊರಿನಿಂದ ಗಂಡನಿಗೆ ಬರೆದ ಕಾಗದವೊಂದಿದೆ: ಗುಲಾಮ ವ್ಯಾಪಾರದ ಮಸೂದೆ ಏನಾಯಿತೆಂದು ಕೇಳುತ್ತಾಳೆ, ಇಲ್ಲಿ ಜನ ಸಕ್ಕರೆ ಬಿಟ್ಟು ಚಹಾ ಕುಡಿಯುತ್ತಿದ್ದಾರೆ ಎನ್ನುತ್ತಾಳೆ. ಗುಲಾಮರ ಬೆವರಿನ ಸಕ್ಕರೆ ಬೇಡವೆಂಬ ಬಹಿಷ್ಕಾರ ಅದು. ಇನ್ನು ಶೆಫೀಲ್ಡಿನಲ್ಲಿ ಜೋಸೆಫ್ ಗೇಲ್ಸ್ ಎಂಬ ಮುದ್ರಕ 'ಶೆಫೀಲ್ಡ್ ರಿಜಿಸ್ಟರ್' ಪತ್ರಿಕೆ ನಡೆಸುತ್ತಿದ್ದ. ಅಲ್ಲಿಯ ಸಂಘದ ಬೆನ್ನೆಲುಬು ಅವನೇ. ಥಾಮಸ್ ಪೇನ್‌ನ 'ರೈಟ್ಸ್ ಆಫ್ ಮ್ಯಾನ್' ಮೂರು ಶಿಲ್ಲಿಂಗ್ ಬೆಲೆಯಲ್ಲಿದ್ದಷ್ಟು ದಿನ ಸರ್ಕಾರ ತಾಳ್ಮೆಯಿಂದಿತ್ತು. ಸಂಘಗಳು ಆರು ಪೆನ್ನಿಯ ಅಗ್ಗದ ಪ್ರತಿಗಳನ್ನು ಹರಡತೊಡಗಿದಾಗ, 1792ರ ಮೇ 21ರಂದು ರಾಜದ್ರೋಹದ ಬರಹಗಳ ವಿರುದ್ಧ ರಾಜಘೋಷಣೆ ಹೊರಟಿತು.

ಒಂದು ಕಹಿ ಸತ್ಯವನ್ನು ಇಲ್ಲಿಯೇ ಹೇಳಬೇಕು. ಸಂಘ ಮತ್ತು ಅಚ್ಚು ಸೇರಿದಾಗಲೆಲ್ಲ ಸ್ವಾತಂತ್ರ್ಯವೇ ಹುಟ್ಟುತ್ತದೆ ಎಂದು ಚರಿತ್ರೆ ಹೇಳುವುದಿಲ್ಲ. 1780ರಲ್ಲಿ ಲಾರ್ಡ್ ಜಾರ್ಜ್ ಗಾರ್ಡನ್‌ನ ಪ್ರಾಟೆಸ್ಟಂಟ್ ಸಂಘ, ಕ್ಯಾಥೊಲಿಕರಿಗೆ ಕೊಟ್ಟ ಅಲ್ಪ ರಿಯಾಯಿತಿಯನ್ನೂ ಕಿತ್ತುಕೊಳ್ಳಬೇಕೆಂದು ಮೆರವಣಿಗೆ ಹೊರಡಿಸಿತು. ಲಂಡನ್ ದಿನಗಟ್ಟಲೆ ಉರಿಯಿತು, ನೂರಾರು ಜನ ಸತ್ತರು. 1792ರ ನವೆಂಬರ್‌ನಲ್ಲಿ ಜಾನ್ ರೀವ್ಸ್ ಎಂಬಾತ ಪಾನಗೃಹದಲ್ಲಿಯೇ ಸಭೆ ಸೇರಿಸಿ, 'ಗಣರಾಜ್ಯವಾದಿಗಳಿಂದ ಸ್ವಾತಂತ್ರ್ಯ ಮತ್ತು ಆಸ್ತಿ ಉಳಿಸುವ' ಸಂಘ ಕಟ್ಟಿದ. ಅದರ ಶಾಖೆಗಳು ದೇಶದ ತುಂಬ ಹಬ್ಬಿದವು. ಪಾನಗೃಹದ ಮಾಲೀಕರನ್ನು ಬೆದರಿಸಿ ಸುಧಾರಣಾವಾದಿಗಳಿಗೆ ಕೋಣೆ ಸಿಗದಂತೆ ಮಾಡುವುದು, ಪುಸ್ತಕ ಮಾರಿದವರ ಮೇಲೆ ದೂರು ಕೊಡುವುದು, ಪೇನ್‌ನ ಪ್ರತಿಕೃತಿ ಸುಡುವುದನ್ನು ಹುರಿದುಂಬಿಸುವುದು ಅವುಗಳ ಕೆಲಸ. ಅವರೂ ಅಗ್ಗದ ಪುಸ್ತಿಕೆ ಹಂಚಿದರು. ಉಪಕರಣ ಒಂದೇ. ಹಾರ್ಡಿಯವರ ಸಂಘ ತನಗೆ ಕೇಳಿದ ಹಕ್ಕನ್ನು ಎದುರಾಳಿಗೂ ಒಪ್ಪುತ್ತಿತ್ತು, ರೀವ್ಸ್ ಸಂಘ ಎದುರಾಳಿಯ ಬಾಯಿ ಮುಚ್ಚಿಸಲೆಂದೇ ಹುಟ್ಟಿತ್ತು. ನಾನು ಯಾವ ಪಕ್ಷವೆಂದು ಮುಚ್ಚಿಡುವುದಿಲ್ಲ.

1794ರ ಮೇ 12ರ ಮುಂಜಾನೆ ಹಾರ್ಡಿಯ ಬಾಗಿಲು ಬಡಿದರು. ಗರ್ಭಿಣಿ ಲಿಡಿಯಾ ಹಾಸಿಗೆಯಲ್ಲಿದ್ದಳು. ಅವಳ ಕಣ್ಣೆದುರೇ ಕೋಣೆಯನ್ನು ತಡಕಾಡಿ, ಕಾಗದಪತ್ರಗಳನ್ನು ದೊಡ್ಡ ರೇಷ್ಮೆ ಕರವಸ್ತ್ರಗಳಲ್ಲಿ ಗಂಟು ಕಟ್ಟಿಕೊಂಡು ಹೋದರು. ಆರೋಪ ರಾಜದ್ರೋಹವೇ, ಶಿಕ್ಷೆಯಾದರೆ ನೇಣು, ಆಮೇಲೆ ದೇಹ ನಾಲ್ಕು ತುಂಡು. ಅದೇ ತಿಂಗಳು ಹೇಬಿಯಸ್ ಕಾರ್ಪಸ್, ಅಂದರೆ ಬಂಧಿಸಿದವನನ್ನು ನ್ಯಾಯಾಲಯದ ಮುಂದೆ ತರಲೇಬೇಕೆನ್ನುವ ರಕ್ಷಣೆ, ಅಮಾನತಾಯಿತು. ಜೂನ್‌ನಲ್ಲಿ ನೌಕಾ ವಿಜಯದ ಸಂಭ್ರಮದ ರಾತ್ರಿ ಗುಂಪೊಂದು ಹಾರ್ಡಿಯ ಮನೆಗೆ ನುಗ್ಗಿತು. ಲಿಡಿಯಾ ಹಿಂದಿನ ಕಿಟಕಿಯಿಂದ ಹೇಗೋ ನುಸುಳಿ ಪಾರಾದಳು. ಆಗಸ್ಟ್ 27ರಂದು ಮಗು ಸತ್ತು ಹುಟ್ಟಿತು, ತಾಯಿಯೂ ಹೋದಳು. ಗಂಡನಿಗೆ ಬರೆಯತೊಡಗಿದ್ದ ಕಾಗದ ಅರ್ಧಕ್ಕೆ ನಿಂತಿತ್ತು.

ಅಕ್ಟೋಬರ್ 28ರಂದು ಓಲ್ಡ್ ಬೇಲಿಯಲ್ಲಿ ವಿಚಾರಣೆ ತೊಡಗಿತು. ಒಂದೇ ದಿನದಲ್ಲಿ ಮುಗಿಯುತ್ತಿದ್ದ ಇಂಥ ವಿಚಾರಣೆ ಈ ಸಲ ನವೆಂಬರ್ 5ರವರೆಗೆ ಎಳೆಯಿತು. ಅಟಾರ್ನಿ ಜನರಲ್ ಆರಂಭದ ಮಾತಿಗೇ ಒಂಬತ್ತು ಗಂಟೆ ತೆಗೆದುಕೊಂಡ. ಹಾರ್ಡಿಯ ಪರ ನಿಂತವನು ಮತ್ತದೇ ಎರ್ಸ್ಕಿನ್. ಸಂಘದೊಳಗೆ ಸೇರಿಕೊಂಡಿದ್ದ ಗೂಢಚಾರರು ಒಬ್ಬೊಬ್ಬರಾಗಿ ಸಾಕ್ಷಿ ಹೇಳಿದರು. ಅವರು ಬರೆದ ವರದಿಗಳು ಇಂದು ದಫ್ತರಗಳಲ್ಲಿವೆ; ಆ ಬಡವರ ಸಭೆಗಳಲ್ಲಿ ಯಾರು ಏನು ಮಾತನಾಡಿದರೆಂದು ನಮಗೆ ಇಷ್ಟು ವಿವರವಾಗಿ ತಿಳಿದಿರುವುದು ಬಹುಪಾಲು ಅವುಗಳಿಂದಲೇ. ಕೊನೆಗೆ ಜ್ಯೂರಿ ಹೇಳಿತು: ತಪ್ಪಿತಸ್ಥನಲ್ಲ. ಜನ ಕುದುರೆ ಬಿಚ್ಚಿ ಹಾರ್ಡಿಯ ಗಾಡಿಯನ್ನು ತಾವೇ ಎಳೆದರು. ಪಿಕಡಿಲಿಯ ಅವನ ಮನೆಯ ಮುಂದೆ ಗಾಡಿ ನಿಂತಿತು, ಅಷ್ಟು ದೊಡ್ಡ ಗುಂಪು ಕೆಲವು ನಿಮಿಷ ಮೌನವಾಯಿತು. ಹಾರ್ಡಿ ಆಮೇಲೆ ಹೋಗಿದ್ದು ಹೆಂಡತಿಯ ಸಮಾಧಿಗೆ. ಅದೇ ಆರೋಪ ಹೊತ್ತಿದ್ದ ಹಾರ್ನ್ ಟುಕ್, ಜಾನ್ ಥೆಲ್‌ವಾಲ್ ಇವರನ್ನೂ ಮುಂದಿನ ವಾರಗಳಲ್ಲಿ ಜ್ಯೂರಿಗಳು ಬಿಟ್ಟವು.

ಸರ್ಕಾರ ನ್ಯಾಯಾಲಯದಲ್ಲಿ ಸೋತದ್ದನ್ನು ಸಂಸತ್ತಿನಲ್ಲಿ ಗೆದ್ದುಕೊಂಡಿತು. 1795ರ ಡಿಸೆಂಬರ್‌ನ ಎರಡು ಕಾಯಿದೆಗಳು: ಐವತ್ತಕ್ಕಿಂತ ಹೆಚ್ಚು ಜನರ ಸಭೆಗೆ ಕಟ್ಟುಪಾಡು, ರಾಜಕೀಯ ಉಪನ್ಯಾಸ ನಡೆಸುವ ಕೋಣೆಗೆ ಪರವಾನಗಿ ಇಲ್ಲದಿದ್ದರೆ ಅದು ಪುಂಡರ ಅಡ್ಡೆಯ ಸಮ. ಥೆಲ್‌ವಾಲ್ ರೋಮಿನ ಇತಿಹಾಸದ ಮೇಲೆ ಉಪನ್ಯಾಸ ಕೊಡತೊಡಗಿದ. ಕೇಳುವವರಿಗೆ ಯಾವ ರೋಮ್ ಎಂದು ಅರ್ಥವಾಗುತ್ತಿತ್ತು. 1799ರ ಕಾಯಿದೆ ಲಂಡನ್ ಪತ್ರವ್ಯವಹಾರ ಸಂಘವನ್ನು ಹೆಸರೆತ್ತಿ ನಿಷೇಧಿಸಿತು. ಅದೇ ಕಾಯಿದೆಯಲ್ಲಿ ಪ್ರತಿಯೊಂದು ಮುದ್ರಣಯಂತ್ರವೂ ನೋಂದಣಿಯಾಗಬೇಕು, ಅಚ್ಚಾದ ಕಾಗದದ ಮೇಲೆ ಮುದ್ರಕನ ಹೆಸರು ವಿಳಾಸ ಇರಬೇಕು ಎಂಬ ವಿಧಿಯೂ ಇತ್ತು. ಸಂಘ ಮುಚ್ಚಿಸುವುದು, ಅಚ್ಚುಕೂಟದ ಪಟ್ಟಿ ಮಾಡುವುದು, ಎರಡನ್ನೂ ಒಂದೇ ಕಾಯಿದೆಯಲ್ಲಿ ಸೇರಿಸಿದರು. ಇವೆರಡರ ನಂಟು ಆಳುವವರಿಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ಇಪ್ಪತ್ತು ವರ್ಷಗಳನ್ನು ಹಾರಿಬಿಡುತ್ತೇನೆ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಬಯಲಿನಲ್ಲಿ ಶಾಂತವಾಗಿ ಸೇರಿದ್ದ ಸಭೆಯ ಮೇಲೆ ಕುದುರೆ ಸವಾರರು ಕತ್ತಿ ಬೀಸಿದರು. ವರ್ಷದ ಕೊನೆಗೆ ಬಂದ ಆರು ಕಾಯಿದೆಗಳಲ್ಲಿ ಒಂದು, ಅಗ್ಗದ ರಾಜಕೀಯ ಪತ್ರಿಕೆಗಳಿಗೂ ನಾಲ್ಕು ಪೆನ್ನಿ ಮುದ್ರಾಂಕ ಹೇರಿತು. ಬಡವ ಓದಬಾರದೆಂಬುದೇ ಅದರ ಉದ್ದೇಶ. ಎದುರು ನಿಂತವರಲ್ಲಿ ರಿಚರ್ಡ್ ಕಾರ್ಲೈಲ್ ಎಂಬ ಪ್ರಕಾಶಕ ಒಬ್ಬ. ಅವನನ್ನು ಡಾರ್ಚೆಸ್ಟರ್ ಜೈಲಿಗೆ ಹಾಕಿದರು, ದಂಡ ಕಟ್ಟಲಾಗದೆ ಆರು ವರ್ಷ ಅಲ್ಲೇ ಉಳಿದ. ಅಂಗಡಿಯಲ್ಲಿ ಹೆಂಡತಿ ಜೇನ್ ಕುಳಿತಳು, ಅವಳನ್ನೂ ಹಿಡಿದರು. ತಂಗಿ ಮೇರಿ ಆನ್ ಕುಳಿತಳು, ಅವಳನ್ನೂ ಹಿಡಿದರು. ಆಮೇಲೆ ಗುರುತು ಪರಿಚಯವಿಲ್ಲದ ಊರುಗಳಿಂದ ಜನ ಬಂದು, ಜೈಲಿಗೆ ಹೋಗಲೆಂದೇ ಆ ಗಲ್ಲಾದಲ್ಲಿ ಕೂರತೊಡಗಿದರು. ಮಾರಿದವನ ಮುಖ ಸಾಕ್ಷಿಗೆ ಕಾಣಬಾರದೆಂದು ಅಂಗಡಿಯಲ್ಲಿ ಒಂದು ಯಂತ್ರ ಮಾಡಿದರು: ಗೋಡೆಯಲ್ಲಿ ಗಡಿಯಾರದಂಥ ಮುಖ. ಬೇಕಾದ ಪುಸ್ತಕದ ಹೆಸರಿಗೆ ಮುಳ್ಳು ತಿರುಗಿಸಿ ದುಡ್ಡು ಹಾಕಿದರೆ ಆಚೆಯಿಂದ ಪುಸ್ತಕ ಕೆಳಗೆ ಬೀಳುತ್ತಿತ್ತು.

ಹೆನ್ರಿ ಹೆಥರಿಂಗ್ಟನ್ 1831ರಲ್ಲಿ ಆರಂಭಿಸಿದ 'ಪುವರ್ ಮ್ಯಾನ್ಸ್ ಗಾರ್ಡಿಯನ್' ಪತ್ರಿಕೆಯ ಬೆಲೆ ಒಂದು ಪೆನ್ನಿ. ಕಾನೂನಿಗೆ ವಿರುದ್ಧವಾಗಿ ಪ್ರಕಟವಾಗುತ್ತಿದೆ ಎಂದು ಅದರ ತಲೆಯ ಮೇಲೆಯೇ ಅಚ್ಚಾಗಿರುತ್ತಿತ್ತು. ಬಲದ ಎದುರು ಹಕ್ಕಿನ ಶಕ್ತಿಯನ್ನು ಪರೀಕ್ಷಿಸುವುದಕ್ಕೆ ಎಂಬ ವಿವರಣೆಯೂ. ಸರ್ಕಾರದ ಮುದ್ರೆ ಬೀಳಬೇಕಾದ ಜಾಗದಲ್ಲಿ ಒಂದು ಮುದ್ರಣಯಂತ್ರದ ಚಿತ್ರ, ಅದರ ಜೊತೆ 'ಅರಿವೇ ಶಕ್ತಿ' ಎಂಬ ಮಾತು. ಪೊಲೀಸರನ್ನು ದಾರಿ ತಪ್ಪಿಸಲು ಖಾಲಿ ಕಟ್ಟುಗಳನ್ನು ಒಂದು ಬಾಗಿಲಿನಿಂದ ಕಳಿಸಿ, ನಿಜವಾದ ಕಟ್ಟುಗಳನ್ನು ಇನ್ನೊಂದು ಬಾಗಿಲಿನಿಂದ ಸಾಗಿಸುತ್ತಿದ್ದರು. ಮಾರಿದ್ದಕ್ಕಾಗಿ 700ಕ್ಕೂ ಹೆಚ್ಚು ಮೊಕದ್ದಮೆಗಳು ಬಿದ್ದವು. ಜೈಲಿಗೆ ಹೋದವರ ಮನೆಮಂದಿಗಾಗಿ ಕಾರ್ಮಿಕರ ಸಂಘಗಳು ಪೆನ್ನಿ ಪೆನ್ನಿ ಕೂಡಿಸಿ ನಿಧಿ ಕಟ್ಟಿದವು. 1834ರಲ್ಲಿ ಜ್ಯೂರಿಯೊಂದು ಈ ಪತ್ರಿಕೆ ಕಾನೂನುಬದ್ಧವೇ ಎಂದುಬಿಟ್ಟಿತು! ಎರಡು ವರ್ಷದ ನಂತರ ತೆರಿಗೆ ಒಂದು ಪೆನ್ನಿಗೆ ಇಳಿಯಿತು, 1855ರಲ್ಲಿ ಪೂರ್ತಿ ಹೋಯಿತು.

ಥಾಮಸ್ ಹಾರ್ಡಿ ಅಷ್ಟು ದಿನ ಬದುಕಿರಲಿಲ್ಲ. ಮತದಾನದ ಹಕ್ಕನ್ನು ಒಂದಿಷ್ಟು ವಿಸ್ತರಿಸಿದ ಸುಧಾರಣಾ ಕಾಯಿದೆ ಬಂದ 1832ರ ಅಕ್ಟೋಬರ್‌ನಲ್ಲಿ, ತನ್ನ 80ನೆಯ ವಯಸ್ಸಿನಲ್ಲಿ ತೀರಿಕೊಂಡ. ಬನ್‌ಹಿಲ್ ಫೀಲ್ಡ್ಸ್ ಸ್ಮಶಾನದಲ್ಲಿ ಅವನನ್ನು ಹೂಳಿದಾಗ ಸಮಾಧಿಯ ಪಕ್ಕದಲ್ಲಿ ನಿಂತು ಮಾತನಾಡಿದವನು ಥೆಲ್‌ವಾಲ್. ಒಂದು ಕಾಲದಲ್ಲಿ ರೋಮಿನ ಹೆಸರು ಹೇಳಿ ಇಂಗ್ಲೆಂಡಿನ ಮಾತಾಡಬೇಕಾಗಿದ್ದ ಅದೇ ಥೆಲ್‌ವಾಲ್. ಈಗ ಅವನಿಗೂ ಅರವತ್ತೆಂಟು.